ಬೇಸಿಗೆಗೆ ಮುಚ್ಚಿದ ಮನೆ

ಕಂತು ಏಳು

ಕಮೋಡಿನ ಮುಚ್ಚಳ ಎತ್ತಿದ ಎಲ್ವಿರಾ ಬ್ರಾಕಮೊಂಟೆ ಹಾಗೇ ನಿಂತುಬಿಟ್ಟಳು. ಒಳಗಿನ ನೀರು ಗುಲಾಬಿ ಬಣ್ಣಕ್ಕಿತ್ತು.

ರಕ್ತವಲ್ಲ. ರಕ್ತವಾಗಿದ್ದರೆ ಇಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಇದು ಮಕ್ಕಳಿಗೆ ಕುಡಿಸುವ ಕೆಮ್ಮಿನ ಔಷಧದ ಹಾಗೆ ತೆಳ್ಳಗೆ, ತಿಳಿಯಾಗಿ ನಿಂತಿತ್ತು. ಬಗ್ಗಿ ಮೂಸಿದಳು. ಸಣ್ಣಗೆ ಸಿಹಿ ವಾಸನೆ.

“ಏನಾದ್ರೂ ಸಿಕ್ತಾ ತೀಯಾ?” ಅಡುಗೆಮನೆಯಿಂದ ಪೊಲೀಸ್ ಡೆಪ್ಯುಟಿ ಲುಸೇರೊ ಕೂಗಿದ. ಅವನ ತಾಯಿಯೂ ಎಲ್ವಿರಾಳೂ ಒಂದೇ ಬೀದಿಯಲ್ಲಿ ಬೆಳೆದವರು. ಚಿಕ್ಕಂದಿನಿಂದ ಅವಳನ್ನು ತೀಯಾ, ಚಿಕ್ಕಮ್ಮ, ಎಂದು ಕರೆದ ಬಾಯಿ ಸೊಂಟಕ್ಕೆ ಪಿಸ್ತೂಲು ಬಂದ ಮೇಲೂ ಬದಲಾಗಿರಲಿಲ್ಲ.

“ಬಾ ಇಲ್ಲಿ. ನೋಡು.”

ಅವನು ಬಂದು ನೋಡಿದ. “ಕಕ್ಕಸು ತೊಳೆಯೋ ಔಷಧಿ ಇರ್ಬೇಕು.”

“ಅದು ನೀಲಿ.”

“ಗುಲಾಬೀನೂ ಬರುತ್ತೆ.”

“ನಿಮ್ಮನೇಲಿ ಕಕ್ಕಸು ಯಾರು ತೊಳೀತಾರೆ? ನೀನೋ, ನಿನ್ನ ಹೆಂಡ್ತೀನೋ?”

ಲುಸೇರೊ ಟೋಪಿ ತೆಗೆದು ಹಣೆ ಒರೆಸಿಕೊಂಡ.

ಎಂಬತ್ತೊಂದು ವರ್ಷದ ಪಿಯಾನೊ ಟೀಚರು ಆಲ್ಮಾ ಹೌಗನ್ ಅವರನ್ನು ಶುಕ್ರವಾರ ಸಂಜೆ ಕಂಡವರುಂಟು, ಆಮೇಲೆ ಕಂಡವರಿಲ್ಲ. ಇವತ್ತು ಮಂಗಳವಾರ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: ‘ಎಲ್ವಿರಾ, ಎರಡು ದಿನ ಮೊದಲೇ ಹೊರಟಿದ್ದೇನೆ. ಮನೆ ನಾನೇ ಮುಚ್ಚಿದ್ದೇನೆ. ನೀನು ಬರುವ ಅಗತ್ಯವಿಲ್ಲ.’ ಅಕ್ಷರಗಳೆಲ್ಲ ಟೈಪು ಮಾಡಿದವು. ಕೆಳಗಿನ ಸಹಿ ಮಾತ್ರ ಆಲ್ಮಾ ಅವರದ್ದೇ.

ಹೊರಟವರು ಉತ್ತರದ ತಮ್ಮ ಮಿನೆಸೋಟಾ ತಲುಪಿರಲಿಲ್ಲ. ಅವರ ಹೆಸರಿನ ಸೀಟು ವಿಮಾನದಲ್ಲಿ ಖಾಲಿಯೇ ಹಾರಿತ್ತು.

ಎಲ್ವಿರಾಳ ಕಸುಬೇ ಮನೆ ಮುಚ್ಚುವುದು. ಏಪ್ರಿಲ್ ಮುಗಿಯುತ್ತಿದ್ದಂತೆ ಪಾಲೊ ಸೆಕೊ ಕಾಲೊನಿಯ ಚಳಿಹಕ್ಕಿಗಳು, ಅಂದರೆ ಚಳಿಗಾಲಕ್ಕೆಂದು ಉತ್ತರದಿಂದ ಇಳಿದು ಬರುವ ಮುದುಕ ಮುದುಕಿಯರು, ಒಬ್ಬೊಬ್ಬರಾಗಿ ತಮ್ಮ ತಮ್ಮ ಊರಿಗೆ ಹಾರುತ್ತಾರೆ. ಅವರ ಬೀಗದ ಕೈಗಳು ಎಲ್ವಿರಾಳ ಸೊಂಟಕ್ಕೆ ಬರುತ್ತವೆ. ಅಕ್ಟೋಬರಿನವರೆಗೆ ಅಲ್ಲೇ. ಈ ವರ್ಷ ಇಪ್ಪತ್ಮೂರು ಮನೆ. ಹತ್ತೊಂಬತ್ತು ಮುಚ್ಚಿಯಾಗಿತ್ತು. ಅರವತ್ತಾರು ವರ್ಷದ ಮಂಡಿಗಳು ಹನ್ನೆರಡನೆಯ ಮನೆಗೇ ಸಾಕು ಎಂದು ಹೇಳಿದ್ದವು. ಮಂಡಿಯ ಮಾತು ಕೇಳುತ್ತಾ ಕೂತರೆ ಹೊಟ್ಟೆ ಕೇಳಬೇಕಲ್ಲ.

ಅವಳು ಬಚ್ಚಲಿನಿಂದ ಅಡುಗೆಮನೆಗೆ ನಡೆದಳು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳು ಹಾರು ಹೊಡೆದಿದ್ದವು. ನಲ್ಲಿ ಪೂರ್ತಿ ತೆರೆದಿತ್ತು, ಹನಿ ನೀರಿಲ್ಲ. ಸಿಂಕಿನ ತೂತಿಗೆ ಟಾರ್ಚು ಬಿಟ್ಟಳು. ಕೆಳಗೆ ಅದೇ ಗುಲಾಬಿ.

“ಮಗಾ, ಇದು ಕಮೋಡು ತೊಳೆಯೋದಲ್ಲ. ಹೆಪ್ಪುಗಟ್ಟದ ಹಾಗೆ ಹಾಕೋ ದ್ರವ. ಉತ್ತರದಲ್ಲಿ ಕೆರೆ ಪಕ್ಕ ಸಣ್ಣ ಮನೆ ಇಟ್ಕೊಂಡಿರ್ತಾರಲ್ಲ, ಅದನ್ನ ಚಳಿಗಾಲಕ್ಕೆ ಮುಚ್ಚುವಾಗ ಹೀಗೆ ಮಾಡ್ತಾರೆ. ಪೈಪಿನ ನೀರೆಲ್ಲ ಬಸಿದು, ನಲ್ಲಿ ತೆರೆದು, ಸಿಂಕಿನ ಕೆಳಗೆ ಬೆಚ್ಚಗಿರ್ಲಿ ಅಂತ ಕಪಾಟು ತೆರೆದಿಟ್ಟು, ಕೊಳವೆ ಬಾಗಿರೋ ಕಡೆ ಇದನ್ನ ಸುರೀತಾರೆ. ಇಲ್ದಿದ್ರೆ ಉಳಿದ ನೀರು ಮಂಜುಗಡ್ಡೆಯಾಗಿ ಪೈಪು ಒಡೆಯುತ್ತೆ.”

“ಇಲ್ಲೆಲ್ಲಿ ಮಂಜುಗಡ್ಡೆ? ಹೊರಗೆ ನೂರ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್.”

“ಅದನ್ನೇ ಹೇಳ್ತಿರೋದು.”

ಎಂಟು ವರ್ಷದ ಹಿಂದೆ ಉತ್ತರದ ವಿಸ್ಕಾನ್ಸಿನಿನಿಂದ ಹೊಸದಾಗಿ ಬಂದ ಒಬ್ಬ ಮುದುಕ ಇದೇ ಕೆಲಸ ಮಾಡಿದ್ದಕ್ಕೆ ಕಾಲೊನಿಯವರು ಒಂದು ಚಳಿಗಾಲ ಪೂರ್ತಿ ಅವನನ್ನು ನೋಡಿ ನಕ್ಕಿದ್ದರು. ಮರುಭೂಮಿಯಲ್ಲಿ ನೀರು ಗಟ್ಟಿಯಾಗುವುದಿಲ್ಲ, ಮಾಯವಾಗುತ್ತದೆ. ಅದಕ್ಕೇ ಎಲ್ವಿರಾ ಪ್ರತಿ ಸಿಂಕಿಗೂ ಎರಡು ಚಮಚ ಅಡುಗೆ ಎಣ್ಣೆ ಬಿಡುತ್ತಾಳೆ. ಎಣ್ಣೆ ಮೇಲೆ ತೇಲಿ ಕೆಳಗಿನ ನೀರು ಆರದಂತೆ ಕಾಯುತ್ತದೆ. ಆರಿತೋ, ಚರಂಡಿಯ ಜಿರಲೆಗಳೆಲ್ಲ ಮೇಲೆ ಬಂದು ಸಂಸಾರ ಹೂಡುತ್ತವೆ. ಕಮೋಡಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಾಳೆ. ನಲ್ಲಿಗಳನ್ನು ಮುಚ್ಚುತ್ತಾಳೆ.

ಲುಸೇರೊ ಕಪಾಟಿನ ಬಾಗಿಲನ್ನು ಬೂಟಿನ ತುದಿಯಿಂದ ಮುಟ್ಟಿದ. “ಮಿಸೆಸ್ ಹೌಗನ್ನೂ ಮಿನೆಸೋಟಾದವರೇ ಅಲ್ವಾ ತೀಯಾ? ಅಭ್ಯಾಸಬಲ. ವಯಸ್ಸಾಗಿದೆ, ತಲೆ ಒಂದು ಕ್ಷಣ ಹಳೇ ಊರಿಗೆ ಹೋಗಿರ್ಬೇಕು.”

“ಹತ್ತೊಂಬತ್ತು ವರ್ಷ ನನ್ನ ಜೊತೆ ನಿಂತು ಎಣ್ಣೆ ಹಾಕಿದವರು ಅವರು. ಚಮಚ ಅವರೇ ಹಿಡೀತಿದ್ರು, ನಾನು ಜಾಸ್ತಿ ಸುರೀತೀನಿ ಅಂತ.” ಎಲ್ವಿರಾ ಹಜಾರದ ಕಡೆ ಕೈ ತೋರಿಸಿದಳು. “ಪಿಯಾನೊ ನೋಡು. ನಾಲ್ಕು ಮೂಲೆಗೆ ನಾಲ್ಕು ಬಕೆಟ್ ನೀರು ಇರ್ಬೇಕಿತ್ತು, ಮರ ಒಣಗಿ ಸೀಳದ ಹಾಗೆ. ಒಂದೂ ಇಲ್ಲ. ಏರ್ ಕಂಡಿಷನರು ಎಂಬತ್ತೈದು ಡಿಗ್ರಿಗೆ ಇಡೋದು ರೂಢಿ. ಪೂರ್ತಿ ಆರಿಸಿದಾರೆ. ಮಿಸೆಸ್ ಹೌಗನ್ ಗಂಡನನ್ನಾದ್ರೂ ಬಿಸಿಲಲ್ಲಿ ನಿಲ್ಲಿಸಿಯಾರು, ಪಿಯಾನೊನ ನಿಲ್ಲಿಸೋರಲ್ಲ.”

ಲುಸೇರೊನಿಗೆ ನಗು ಬಂತು. ತಡೆದುಕೊಂಡ. ಅವನಿಗೂ ಸುಸ್ತಾಗಿತ್ತು. ಮೂರು ದಿನದಿಂದ ಹಳ್ಳ, ಹೆದ್ದಾರಿ, ಆಸ್ಪತ್ರೆ ಎಲ್ಲ ಸುತ್ತಿದವನ ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು.

“ಸರಿ, ಬೇರೆಯವರೇ ಮುಚ್ಚಿದ್ರು ಅನ್ನೋಣ. ಬೀಗ ಒಡೆದಿಲ್ಲ, ಕಿಟಕಿ ಒಡೆದಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಹತ್ರ. ಅವರ ಹತ್ರ, ನಿಮ್ಮ ಹತ್ರ. ಅವರ ತಂಗಿ ಮಗಳು ಕಾರಿನ್ ಮಿನೆಸೋಟಾದ ಡುಲೂತಿನಿಂದ ದಿನಕ್ಕೆ ಆರು ಸಲ ಫೋನು ಮಾಡಿ ನಿಮ್ಮ ಹೆಸರೇ ಹೇಳ್ತಿದ್ದಾಳೆ. ನಮ್ಮ ಸಾಹೇಬ್ರೂ ಅದನ್ನೇ ಹಿಡ್ಕೊಂಡಿದಾರೆ.”

“ಕಾರಿನ್‌ಗೂ ಕೆರೆ ಪಕ್ಕ ಮನೆ ಇದೆ. ಪ್ರತಿ ಅಕ್ಟೋಬರಿನಲ್ಲಿ ಮುಚ್ತಾಳೆ. ಮಿಸೆಸ್ ಹೌಗನ್ನೇ ಹೇಳಿದ್ದು.”

“ಅವಳು ಡುಲೂತಿನಲ್ಲೇ ಇದಾಳೆ. ಭಾನುವಾರ ನಾನೇ ಮಾತಾಡಿದೆ.”

“ಭಾನುವಾರ. ಶನಿವಾರ ಎಲ್ಲಿದ್ಲು?”

ಲುಸೇರೊ ಜೇಬಿನ ಪುಸ್ತಕ ತೆಗೆದು ಏನೋ ಗೀಚಿಕೊಂಡ.

“ಕೇಳ್ತೀನಿ. ಆದ್ರೆ ತೀಯಾ, ನಾಲ್ಕು ಗಂಟೆಗೆ ವಾಪಸ್ಸು ಬರ್ತೀನಿ. ಆಗ ನಿಮ್ಮ ಬೀಗದ ಗೊಂಚಲು ಪೂರ್ತಿ ನನಗೆ ಕೊಡ್ಬೇಕು. ಆಮೇಲೆ ಸ್ಟೇಷನ್ನಿಗೂ ಬರ್ಬೇಕಾಗುತ್ತೆ. ನನಗೆ ಇಷ್ಟ ಇದ್ದು ಹೇಳ್ತಿಲ್ಲ.”

“ಗೊಂಚಲು ಹೋದ್ರೆ ಹೋಗ್ಲಿ. ಭಾರ ಕಮ್ಮಿ ಆಯ್ತು.” ಹಾಗೆಂದರೂ ಅವಳ ಕೈ ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಿತು. “ಅವರು ಬದುಕಿದಾರಾ ಮಗಾ? ನಿಜ ಹೇಳು.”

ಅವನು ಪುಸ್ತಕ ಜೇಬಿಗಿಟ್ಟ. “ನೆರಳಿದ್ದು, ನೀರಿದ್ರೆ ಇನ್ನೊಂದು ದಿನ, ಎರಡು ದಿನ. ಆ ವಯಸ್ಸಿಗೆ ನೀರಿಲ್ಲದೆ…” ಮಾತು ಅಲ್ಲಿಗೇ ಬಿಟ್ಟು ಟೋಪಿ ಹಾಕಿಕೊಂಡು ಹೊರಟ.

ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಎಲ್ವಿರಾ ಹಿತ್ತಲಿಗೆ ಬಂದಳು. ಬಿಸಿಲು ಹೆಗಲಿಗೆ ಇಸ್ತ್ರಿ ಒತ್ತಿದ ಹಾಗೆ ಕೂತಿತು. ಪಾಲೊ ವರ್ಡೆ ಮರದ ಹಳದಿ ಹೂವೆಲ್ಲ ಉದುರಿ ಗೋಡೆಯ ಬುಡದಲ್ಲಿ ರಾಶಿ ಬಿದ್ದಿತ್ತು. ಸೂರಿನ ಕೆಳಗೆ ಹಮ್ಮಿಂಗ್ ಹಕ್ಕಿಗೆ ಸಕ್ಕರೆ ನೀರಿಡುವ ಕೆಂಪು ಬುರುಡೆ ಇನ್ನೂ ತೂಗುತ್ತಿತ್ತು. ಒಣಗಿ ಅಂಟು ಅಂಟಾಗಿತ್ತು. ಒಂದು ಹಕ್ಕಿ ಅದರ ಮುಂದೆ ಗಾಳಿಯಲ್ಲಿ ನಿಂತು, ಚುಚ್ಚಿ ನೋಡಿ, ಹಿಂದೆ ಸರಿದು, ಮತ್ತೆ ಚುಚ್ಚುತ್ತಿತ್ತು.

ಊರು ಬಿಡುವ ಹಿಂದಿನ ದಿನ ಆಲ್ಮಾ ಅವರು ಆ ಬುರುಡೆಯನ್ನು ಇಳಿಸಿ, ತೊಳೆದು, ಎಲ್ವಿರಾಳ ಕೈಗೆ ಕೊಡುತ್ತಿದ್ದರು. “ಇದನ್ನ ನಿಮ್ಮನೇಲಿ ಕಟ್ಟು. ಹಕ್ಕಿಗಳಿಗೆ ನಾನು ಸುಳ್ಳು ಹೇಳಿದ ಹಾಗಾಗ್ಬಾರದು,” ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಎಲ್ವಿರಾ ಸ್ಟೂಲು ಹತ್ತಿ ಬುರುಡೆ ಇಳಿಸಿದಳು. ಇಳಿಯುವಾಗ ಮಂಡಿ ಕಟಕ್ಕೆಂದಿತು. ಸ್ವಲ್ಪ ಹೊತ್ತು ಆ ಸ್ಟೂಲಿನ ಮೇಲೇ ಕುಳಿತಳು. ಏಳಬೇಕು ಅನ್ನಿಸಲಿಲ್ಲ. ಬೇರೆಯವರ ಮನೆಗಳ ಕಿಟಕಿಗೆ ಪರದೆ ಎಳೆದು, ಬೇರೆಯವರ ಫ್ರಿಜ್ಜು ಒರೆಸಿ, ಬೇರೆಯವರ ಕಾರಿನ ಬಾನೆಟ್ಟು ಇಲಿ ಗೂಡು ಕಟ್ಟದಂತೆ ಎತ್ತಿಟ್ಟು ಕಳೆದ ಇಷ್ಟು ವರ್ಷದಲ್ಲಿ, ಹೊರಡುವಾಗ ತಬ್ಬಿಕೊಂಡು ಹೋದ ಮನೆಯೊಡತಿ ಇವರೊಬ್ಬರೇ.

ಪಿಯಾನೊ ಕಲಿಸಿದವರೂ ಇವರೇ. ಮನೆ ಮುಚ್ಚುವ ಕೆಲಸ ಮುಗಿದ ಮೇಲೆ, ಪಿಯಾನೊಗೆ ಬಟ್ಟೆ ಹೊದಿಸುವ ಮೊದಲು, ವರ್ಷಕ್ಕೆ ಒಂದೇ ಪಾಠ. ಎಲ್ವಿರಾಳ ಒರಟು ಬೆರಳುಗಳಿಗೆ ಬಂದದ್ದು ವಾಲ್ಟ್ಜ್ ಎಂಬ ಮೂರೆಣಿಕೆಯ ಕುಣಿತದ ಸಂಗೀತಕ್ಕೆ ಎಡಗೈ ಹಾಕುವ ತಾಳ ಮಾತ್ರ. ಒಂದು ಉದ್ದ, ಎರಡು ಗಿಡ್ಡ. ಒಂದು ಉದ್ದ, ಎರಡು ಗಿಡ್ಡ. ಆಲ್ಮಾ ಅವರು ಪಕ್ಕದಲ್ಲಿ ನಿಂತು ಅಳತೆಪಟ್ಟಿಯಿಂದ ಪಿಯಾನೊದ ಅಂಚಿಗೆ ತಟ್ಟುತ್ತಿದ್ದರು. “ಅವಸರ ಮಾಡ್ಬೇಡ ಎಲ್ವಿರಾ. ಗಿಡ್ಡವನ್ನ ನುಂಗ್ಬೇಡ.”

ಅವಳು ಎದ್ದು ತೋಟದ ನೀರಿನ ಪೆಟ್ಟಿಗೆ ತೆರೆದಳು. ಗಿಡಗಳಿಗೆ ಹನಿ ನೀರು ಬಿಡುವ ಗಡಿಯಾರವನ್ನೂ ನಿಲ್ಲಿಸಿದ್ದರು. ಕುಂಡದ ಗಿಡಗಳು ಆಗಲೇ ಬಾಡಿ ಜೋತುಬಿದ್ದಿದ್ದವು. ಮನೆಯೊಳಗಿನ ನೀರು ನಿಲ್ಲಿಸಿದರೂ ತೋಟದ್ದು ಹರಿಯಲಿ ಎಂದು ಇಲ್ಲೆಲ್ಲ ತೋಟದ ಪೈಪು ಮೀಟರಿನಿಂದ ನೇರ ಬರುತ್ತದೆ. ಉಳಿಸಬೇಕಾದ್ದು ಅದೇ. ಅದನ್ನೇ ಕೊಂದಿದ್ದರು.

ಅದೇ ಪೈಪಿನ ಒಂದು ಕವಲು ನೆಲದಲ್ಲಿ ಹೋಗಿ ಪಕ್ಕದ ಮನೆಯ ಗೋಡೆಯೊಳಗೆ ನುಗ್ಗುತ್ತಿತ್ತು. ಆಲ್ಮಾ ಅವರ ಗಂಡನೂ ಆಗಿನ ನೆರೆಯವನೂ ಎರಡು ಮನೆಗಳ ನಡುವೆ ಒಂದು ಚಕೋತ ಮರ ನೆಟ್ಟು, ಅದಕ್ಕೆ ಈ ಕಡೆಯಿಂದ ನೀರೆಳೆದಿದ್ದರು. ಮರ ಸತ್ತಿತು. ನೆಟ್ಟವರೂ ಸತ್ತರು. ಆಮೇಲೆ ಬಂದವರು ಅಲ್ಲೇ ಉಗ್ರಾಣ ಕಟ್ಟಿದರು. “ನನ್ನ ನಲ್ಲಿಯೊಂದು ಪಕ್ಕದ ಮನೆಯವನ ಉಗ್ರಾಣದಲ್ಲಿ ಸೆರೆ ಸಿಕ್ಕಿದೆ,” ಎಂದು ಆಲ್ಮಾ ಅವರು ನಗುತ್ತಿದ್ದರು. “ಅವನಿಗೇ ಗೊತ್ತಿಲ್ಲ.”

ಎಲ್ವಿರಾ ಪೆಟ್ಟಿಗೆ ಮುಚ್ಚಿದಳು. ಆಗ ಅವಳ ಮನಸ್ಸು ಕಾರಿನ್ ಮೇಲಿತ್ತು, ಪೈಪಿನ ಮೇಲಲ್ಲ. ಕಾರಿನ್ ಶನಿವಾರ ಇಲ್ಲಿಗೆ ಬಂದಿದ್ದರೆ ಯಾರಾದರೂ ನೋಡಿರಬೇಕು. ಬೀದಿಯಲ್ಲಿ ಇನ್ನೂ ಹೊರಡದೆ ಉಳಿದಿದ್ದವನು ಒಬ್ಬನೇ.

ಪಕ್ಕದ ಮನೆಯ ವೆಂಡೆಲ್ ಹಾಸ್ಕಿನ್ಸ್ ಕಾರಿನ ಡಿಕ್ಕಿಗೆ ಸೂಟ್‌ಕೇಸು ತುರುಕುತ್ತಿದ್ದ. ಎಪ್ಪತ್ತರ ಆಸುಪಾಸು. ಎತ್ತರದ ಆಳು. ಬಿಸಿಲಿಗೆ ಸುಟ್ಟ ಮೂಗು. ಬಂದು ಮೂರು ವರ್ಷವಾಗಿತ್ತು, ಮೂರು ಬೇಸಿಗೆಯನ್ನೂ ಇಲ್ಲೇ ಕಳೆದಿದ್ದ. “ಇದೇ ಮರುಭೂಮಿಯ ಯೂಮಾದಲ್ಲಿ ಹುಟ್ಟಿದವನು ನಾನು. ಹಿಮ ನೋಡಿರೋದು ಕ್ಯಾಲೆಂಡರಿನಲ್ಲಿ ಮಾತ್ರ,” ಎಂದು ಚಳಿಹಕ್ಕಿಗಳನ್ನು ರೇಗಿಸುವುದೇ ಅವನ ಹೊತ್ತು ಕಳೆಯುವ ಆಟ. ಈ ಸಲ ಸಮುದ್ರದ ಕಡೆ ತಂಗಿಯ ಮನೆಗೆ ಹೊರಟಿದ್ದ.

“ಏನ್ ಎಲ್ವಿರಾ, ಇನ್ನೂ ಬದುಕಿದ್ಯಾ? ಈ ಬಿಸಿಲಲ್ಲಿ ಹಲ್ಲಿಗಳೂ ನೆರಳು ಹುಡುಕ್ತಿವೆ.”

“ಹಲ್ಲಿಗೆ ಯಜಮಾನ್ರಿಲ್ಲ ಮಿಸ್ಟರ್ ಹಾಸ್ಕಿನ್ಸ್. ನನಗೆ ಇಪ್ಪತ್ಮೂರು ಜನ.”

“ಮುದುಕಿ ಸುದ್ದಿ ಏನಾದ್ರೂ?”

“ಇಲ್ಲ. ಅದನ್ನೇ ಕೇಳೋಣ ಅಂತ ಬಂದೆ. ಶನಿವಾರ ಇಲ್ಲಿ ಯಾರಾದ್ರೂ ಬಂದದ್ದು ಕಂಡ್ರಾ?”

ಅವನು ಡಿಕ್ಕಿಯ ಅಂಚಿಗೆ ಒರಗಿದ, ಪ್ರಶ್ನೆ ಬರುವುದನ್ನೇ ಕಾಯುತ್ತಿದ್ದವನ ಹಾಗೆ. “ಕಂಡೆ. ಡೆಪ್ಯುಟಿಗೆ ಹೇಳೋದು ಮರೆತುಹೋಗಿತ್ತು. ಬೆಳ್ಳಿ ಬಣ್ಣದ ಬಾಡಿಗೆ ಕಾರು. ನಲವತ್ತು ನಲವತ್ತೈದರ ಹೆಂಗಸು, ಹಳದಿ ಕೂದಲು. ಒಂದು ಗಂಟೆ ಒಳಗಿದ್ಲು. ತಂಗಿ ಮಗಳಿರ್ಬೇಕು ಅಂದ್ಕೊಂಡೆ.”

ಎಲ್ವಿರಾಳ ಎದೆ ಹಗುರಾಯಿತು. ತನ್ನ ಲೆಕ್ಕಾಚಾರ ಸರಿಯಾಗಿತ್ತು. ನಾಲ್ಕಕ್ಕೆ ಲುಸೇರೊ ಬಂದಾಗ ಹೇಳುವುದಕ್ಕೆ ಮಾತೊಂದು ಸಿಕ್ಕಿತು.

“ನಾಲ್ಕು ಗಂಟೆಗೆ ಡೆಪ್ಯುಟಿ ಬರ್ತಾರೆ. ಇದನ್ನ ನೀವೇ ಅವರಿಗೆ ಹೇಳ್ತೀರಾ?”

“ಅಷ್ಟೊತ್ತಿಗೆ ನಾನು ಅರ್ಧ ದಾರಿ ದಾಟಿರ್ತೀನಿ. ನೀನೇ ಹೇಳು.”

“ಮನೆ ಮುಚ್ಚಿಯಾಯ್ತಾ? ಮೊದಲ ಸಲ, ಒಬ್ಬರೇ ಮಾಡಿದೀರ. ಏನಾದ್ರೂ ಬಿಟ್ಟಿದ್ರೆ ನೋಡ್ಕೊಡ್ತೀನಿ.”

ಹತ್ತೊಂಬತ್ತು ಮನೆ ಮುಚ್ಚಿದವಳ ಬಾಯಿಗೆ ತಾನಾಗಿ ಬರುವ ಮಾತದು. ಅದರ ಹಿಂದೆ ಯಾವ ಯೋಚನೆಯೂ ಇರಲಿಲ್ಲ.

“ಎಲ್ಲ ಆಯ್ತು. ಬೀದಿ ಮೀಟರಿನಲ್ಲೇ ನೀರು ನಿಲ್ಲಿಸಿದೀನಿ. ನನ್ನ ಮನೇಲಿ ಈಗ ಒಂದು ಹನಿ ನೀರಿಲ್ಲ.”

“ಸಿಂಕಿಗೆ ಎಣ್ಣೆ ಬಿಟ್ರಾ?”

“ಎಣ್ಣೆ ಯಾಕೆ? ನಲ್ಲಿಗಳನ್ನೆಲ್ಲ ತೆರೆದಿದೀನಿ. ಕೆಳಗಿನ ಕಪಾಟೂ ತೆರೆದಿಟ್ಟಿದೀನಿ.”

ಎಲ್ವಿರಾ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ಕೈ ಅಲ್ಲೇ ನಿಂತಿತು.

“ಕಪಾಟು ಯಾಕೆ ಮಿಸ್ಟರ್ ಹಾಸ್ಕಿನ್ಸ್?”

“ಪೈಪು ಒಡೀಬಾರದಲ್ಲ.”

ಬೀದಿಯಲ್ಲಿ ಒಂದು ಸದ್ದಿಲ್ಲ. ಎಲ್ಲ ಮನೆಗಳ ಕಿಟಕಿಗಳೂ ಪರದೆ ಎಳೆದುಕೊಂಡು ಕಣ್ಣು ಮುಚ್ಚಿದ್ದವು.

“ಯಾವುದಕ್ಕೆ ಒಡೆಯುತ್ತೆ?” ಎಲ್ವಿರಾ ಮೆಲ್ಲಗೆ ಕೇಳಿದಳು.

“ಏನು?”

“ಪೈಪು. ಜೂನ್ ತಿಂಗಳಲ್ಲಿ. ಪಾಲೊ ಸೆಕೊನಲ್ಲಿ. ಯಾವುದಕ್ಕೆ ಒಡೆಯುತ್ತೆ?”

ಅವನ ಮುಖದಲ್ಲಿ ಏನೂ ಕದಲಲಿಲ್ಲ. ಕದಲದೆ ಇದ್ದದ್ದೇ ಅವಳ ಕಣ್ಣಿಗೆ ಬಿತ್ತು. ತಮಾಷೆಯ ಮನುಷ್ಯ, ಯಾವಾಗಲೂ ಹುಬ್ಬು ಕುಣಿಸುವವನು. ಈಗ ಹುಬ್ಬುಗಳು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿದ್ದವು.

“ಇಂಟರ್ನೆಟ್ಟಿನಲ್ಲಿ ನೋಡಿದ್ದು,” ಎಂದ. “ಮನೆ ಮುಚ್ಚೋದು ಹೇಗೆ ಅಂತ ಒಂದು ವಿಡಿಯೊ. ಉತ್ತರದವನ್ಯಾವನೋ ಹಾಕಿರ್ಬೇಕು.”

“ಯೂಮಾದವರು ಉತ್ತರದವನ ವಿಡಿಯೊ ನೋಡಿ ಮುಚ್ಚಿದ್ರಿ.”

“ಮೊದಲ ಸಲ ಅಂತ ನೀನೇ ಹೇಳಿದ್ಯಲ್ಲ. ಗೊತ್ತಿಲ್ಲದವನು ಏನು ಸಿಗುತ್ತೋ ಅದನ್ನ ನೋಡ್ತಾನೆ.”

“ಗುಲಾಬಿ ದ್ರವಾನೂ ಅದರಲ್ಲೇ ಹೇಳಿದ್ರಾ?”

ಮಾತು ಬಾಯಿಂದ ಬಿದ್ದ ಮೇಲೆ ತಾನು ಏನು ಮಾಡಿದೆ ಎಂದು ಎಲ್ವಿರಾಳಿಗೆ ಹೊಳೆಯಿತು. ಮುಚ್ಚಿಟ್ಟುಕೊಳ್ಳಬೇಕಾದ್ದನ್ನು ಅವನ ಮುಂದೆ ಬಿಚ್ಚಿಟ್ಟಿದ್ದಳು. ದಣಿದ ತಲೆ ಮಾಡುವ ಕೆಲಸವೇ ಇದು.

ವೆಂಡೆಲ್ ನಿಧಾನವಾಗಿ ಡಿಕ್ಕಿ ಮುಚ್ಚಿದ. ಮುಚ್ಚುವ ಮೊದಲಿನ ಅರೆಗಳಿಗೆಯಲ್ಲಿ ಸೂಟ್‌ಕೇಸಿನ ಪಕ್ಕ ಅವಳಿಗೆ ಕಂಡದ್ದು ಒಂದು ಬಿಳಿ ಕ್ಯಾನು. ಹಾಲಿನ ಕ್ಯಾನೂ ಇರಬಹುದು. ತಳದಲ್ಲಿ ಉಳಿದದ್ದರ ಬಣ್ಣ ಮಾತ್ರ ಹಾಲಿನದಲ್ಲ.

“ಎಲ್ವಿರಾ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಳಷ್ಟೇ ಸುಸ್ತು ಇತ್ತು. “ನೀನು ಒಳ್ಳೆಯವಳು. ಕಷ್ಟಪಟ್ಟು ದುಡಿಯೋಳು. ಆ ಮನೆ ಬೀಗದ ಕೈ ಯಾರ ಸೊಂಟದಲ್ಲಿದೆ? ನನ್ನದರಲ್ಲಂತೂ ಇಲ್ಲ. ನಾಲ್ಕು ಗಂಟೆಗೆ ಡೆಪ್ಯುಟಿ ಯಾರನ್ನ ಕರ್ಕೊಂಡು ಹೋಗ್ತಾನೆ? ಪಕ್ಕದ ಮನೆ ಮುದುಕ ಯಾವ ವಿಡಿಯೊ ನೋಡಿದ ಅಂತ ಹೇಳಿ ಪಾರಾಗ್ತೀಯಾ?”

 ನಾಲ್ಕು ಗಂಟೆಗೆ ಡೆಪ್ಯುಟಿ ಬರುತ್ತಾನೆಂದು ಹೇಳಿದವಳು ತಾನೇ. ಕರೆದುಕೊಂಡು ಹೋಗುತ್ತಾನೆಂದು ಮಾತ್ರ ಹೇಳಿರಲಿಲ್ಲ.

“ನೀವು ಹೇಳೋದೂ ಸರೀನೇ,” ಎಂದಳು ಕೊನೆಗೆ. ತಲೆ ತಗ್ಗಿಸಿದಳು. ತಗ್ಗಿಸುವುದು ಅವಳಿಗೆ ಕಷ್ಟವಾಗಲಿಲ್ಲ, ಕತ್ತು ಅಷ್ಟು ನೋಯುತ್ತಿತ್ತು. “ನನ್ನ ಕೆಲಸ ಒಂದು ಉಳಿದಿದೆ. ಅದನ್ನ ಮುಗಿಸಿ ಹೋಗ್ತೀನಿ.”

“ಏನದು?”

“ಮೀಟರು ನೋಡೋದು. ಯಾರೇ ಮುಚ್ಚಿರ್ಲಿ, ಸೋರ್ತಿದ್ಯಾ ಅಂತ ನೋಡದೆ ನಾನು ಮನೆ ಬಿಡಲ್ಲ.”

“ನೋಡು, ನೋಡು.” ಅವನ ಹುಬ್ಬು ಮತ್ತೆ ಕುಣಿಯಿತು. “ನಾನೂ ಬರ್ತೀನಿ. ಕಲಿತ ಹಾಗಾಗುತ್ತೆ.”

ಆಲ್ಮಾ ಅವರ ಮೀಟರಿನ ಗುಂಡಿ ಬೀದಿಯ ಅಂಚಿನಲ್ಲಿ, ಎರಡೂ ಮನೆಗಳಿಗೆ ಸಮದೂರದಲ್ಲಿ ಇತ್ತು. ಅಲ್ಲಿಂದ ಆಲ್ಮಾ ಅವರ ಮುಂಬಾಗಿಲೂ ಕಾಣುತ್ತಿತ್ತು, ವೆಂಡೆಲನ ಉಗ್ರಾಣದ ಕಬ್ಬಿಣದ ಬಾಗಿಲೂ ಕಾಣುತ್ತಿತ್ತು. ಬಾಗಿಲಿಗೆ ಹೊಸ ಬೀಗ ಹಾಕಿತ್ತು. ಊರು ಬಿಡುವವರೆಲ್ಲ ಹಾಕುತ್ತಾರೆ.

ಎಲ್ವಿರಾ ತನ್ನ ಪಿಕಪ್ಪಿನ ಹತ್ತಿರ ಹೋಗಿ ಅದನ್ನು ಗುಂಡಿಯ ಪಕ್ಕಕ್ಕೆ ತಂದು ನಿಲ್ಲಿಸಿದಳು, ಕಾಲಿಗಾದರೂ ನೆರಳಿರಲೆಂದು. ಇಂಜಿನ್ನಿನ ಬೆಲ್ಟು ಎಂದಿನಂತೆ ಕಿರುಚಿತು. “ನೀನು ಬಂದದ್ದು ಎರಡು ಬೀದಿ ಆಚೆಯಿಂದಲೇ ಗೊತ್ತಾಗುತ್ತೆ, ಆ ಬೆಲ್ಟು ಬದಲಾಯಿಸು,” ಎಂದು ಆಲ್ಮಾ ಅವರು ಪ್ರತಿ ವರ್ಷ ಬಯ್ಯುತ್ತಿದ್ದರು. ಹಾಗೆಂದು ಬಯ್ಯುತ್ತಲೇ ಛತ್ರಿ ತಂದು, ಮೀಟರು ನೋಡುವಾಗ ಅವಳ ತಲೆಯ ಮೇಲೆ ಹಿಡಿದು ನಿಲ್ಲುತ್ತಿದ್ದರು. ಎರಡು ನಿಮಿಷ. ಇಬ್ಬರೂ ಉಸಿರು ಬಿಗಿಹಿಡಿದು ಒಂದು ಸಣ್ಣ ಕೆಂಪು ಬೊಟ್ಟನ್ನು ನೋಡುತ್ತಿದ್ದರು. ಮನೆ ಮುಚ್ಚುವುದೆಂದರೆ ಕೊನೆಗೆ ಅದೇ.

ಮಂಡಿಯೂರಿದಳು. ಸ್ಕ್ರೂಡ್ರೈವರಿನಿಂದ ಕಬ್ಬಿಣದ ಮುಚ್ಚಳ ಎಬ್ಬಿಸಿ, ಅದೇ ತುದಿಯಿಂದ ಜೇಡರಬಲೆ ಸುತ್ತಿ ತೆಗೆದಳು. ಕಪ್ಪು ಜೇಡವೊಂದು ಮೂಲೆಗೆ ಸರಿಯಿತು. ಗಾಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು.

ಅಂಕಿಗಳ ಪಕ್ಕದಲ್ಲಿ ಕೊತ್ತಂಬರಿ ಬೀಜದಷ್ಟು ದೊಡ್ಡ ಕೆಂಪು ಮುಕ್ಕೋನ. ಎಲ್ಲೋ ಒಂದು ಕಡೆ ನೀರು ಸಣ್ಣಗೆ ಹರಿದರೂ ಅದು ತಿರುಗುತ್ತದೆ. ಈಗ ನಿಂತಿತ್ತು.

ವೆಂಡೆಲ್ ಅವಳ ಬೆನ್ನ ಹಿಂದೆ ನಿಂತು ಕಾರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಿದ್ದ. ಟಿಕ್, ಟಿಕ್.

ಒಂದು ನಿಮಿಷ ಕಳೆಯಿತು. ಮುಕ್ಕೋನ ಕದಲಲಿಲ್ಲ. ಎಲ್ವಿರಾಳ ಕಣ್ಣು ಬಿಸಿಲಿಗೆ ನೀರಾಡಿತು. ಸಾಕು, ಎದ್ದು ಹೋಗೋಣ, ಲುಸೇರೊ ಬಂದರೆ ಆ ಬಿಳಿ ಕ್ಯಾನಿನ ವಿಷಯ ಹೇಳೋಣ, ನಂಬಿದರೆ ನಂಬಲಿ, ಎಂದುಕೊಂಡು ಮುಚ್ಚಳಕ್ಕೆ ಕೈ ಹಾಕಿದಳು.

ಮುಕ್ಕೋನ ತಿರುಗಿತು.

ಉದ್ದವಾಗಿ, ಒಂದು ಸುತ್ತು, ಎರಡು, ಮೂರು. ನಿಂತಿತು. ಆಮೇಲೆ ಒಂದು ಗಿಡ್ಡ. ನಿಂತಿತು. ಮತ್ತೊಂದು ಗಿಡ್ಡ.

ಸೋರುವ ಪೈಪು ನಿಲ್ಲುವುದಿಲ್ಲ. ಹನಿ ನೀರಿನ ಗಡಿಯಾರ ಆರಿದೆ. ಮನೆಯೊಳಗಿನ ನೀರು ನಿಂತಿದೆ, ತೆರೆದ ನಲ್ಲಿಯನ್ನು ಅವಳೇ ಕಣ್ಣಾರೆ ನೋಡಿದ್ದಾಳೆ.

ಒಂದು ಉದ್ದ. ಎರಡು ಗಿಡ್ಡ.

ಅವಸರ ಮಾಡ್ಬೇಡ ಎಲ್ವಿರಾ. ಗಿಡ್ಡವನ್ನ ನುಂಗ್ಬೇಡ.

ಎಲ್ಲೋ ಕತ್ತಲಲ್ಲಿ, ಗೋಡೆಯೊಳಗೆ ಸೆರೆ ಸಿಕ್ಕ ಒಂದು ನಲ್ಲಿಯನ್ನು ಎಂಬತ್ತೊಂದು ವರ್ಷದ ಕೈಯೊಂದು ತೆರೆದು ಮುಚ್ಚುತ್ತಿತ್ತು. ಬೆಲ್ಟಿನ ಕಿರುಚು ಕೇಳಿಸಿದೆ. ಯಾರು ಮುಚ್ಚಿದ ಮನೆಯೇ ಆಗಲಿ, ಎಲ್ವಿರಾ ಕೊನೆಗೆ ಮೀಟರು ನೋಡುತ್ತಾಳೆಂದು ಆ ಕೈಗೆ ಗೊತ್ತು.

ನೀರಿದೆ. ಬದುಕಿದ್ದಾರೆ.  

“ಏನು, ಸೋರ್ತಿದ್ಯಾ?” ಹಿಂದಿನಿಂದ ವೆಂಡೆಲ್.

“ಇಲ್ಲ.” ಅವಳ ದನಿ ಅವಳಿಗೇ ಅಚ್ಚರಿಯಾಗುವಷ್ಟು ಸಪ್ಪೆಯಾಗಿತ್ತು. “ನಿಂತಿದೆ. ಒಳ್ಳೆ ಬಿಗಿಯಾಗಿದೆ.”

“ಹಾಗಾದ್ರೆ ಏಳು. ನನಗೂ ಹೊತ್ತಾಯ್ತು.”

ಅವಳು ಕೈಗಡಿಯಾರ ನೋಡಿದಳು. ಮೂರು ಇಪ್ಪತ್ತು. ಲುಸೇರೊ ಬರುವುದಕ್ಕೆ ನಲವತ್ತು ನಿಮಿಷ. ಇವನು ಹೊರಟರೆ ಒಳ್ಳೆಯದೋ, ಹೊರಡದಿದ್ದರೆ ಒಳ್ಳೆಯದೋ ಅವಳಿಗೆ ಗೊತ್ತಾಗಲಿಲ್ಲ. ಉಗ್ರಾಣದ ಆ ಹೊಸ ಬೀಗದ ಕೈ ಅವನೊಬ್ಬನ ಬಳಿಯೇ ಇತ್ತು.

ಮುಚ್ಚಳವನ್ನು ಎಳೆಯಲು ಹೋದಳು. ಬೆರಳಿನ ಬೆವರಿಗೆ ಕಬ್ಬಿಣ ಜಾರಿತು.

“ಕೊಡು, ನಾನು ಮುಚ್ತೀನಿ,” ಎನ್ನುತ್ತಾ ವೆಂಡೆಲ್ ಅವಳ ಹೆಗಲ ಮೇಲಿಂದ ಬಗ್ಗಿದ. ಅವನ ನೆರಳು ಗುಂಡಿಯ ಮೇಲೆ ಬಿತ್ತು. ನೆರಳಿನಲ್ಲಿ ಗಾಜು ಇನ್ನೂ ಸ್ಪಷ್ಟವಾಯಿತು.

ಆಗಲೇ ಮುಕ್ಕೋನ ಮತ್ತೆ ತಿರುಗತೊಡಗಿತು.

ಎಲ್ವಿರಾ ಅಂಗೈಯನ್ನು ಗಾಜಿನ ಮೇಲೆ ಇಟ್ಟಳು. ಒಂದು ಕ್ಷಣ ತಡವಾಗಿತ್ತು.

ಕೀಲಿಯ ಟಿಕ್ ಟಿಕ್ ನಿಂತಿತು. ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಮೀಟರು ಆಲ್ಮಾ ಅವರ ಮನೆಯದು. ಅದು ತಿರುಗಿದರೆ ಯಾರೇ ಆದರೂ ಮೊದಲು ಆ ಮನೆಯ ಕಡೆ ನೋಡಬೇಕು. ವೆಂಡೆಲ್ ಹಾಸ್ಕಿನ್ಸ್ ಆ ಕಡೆ ನೋಡಲಿಲ್ಲ.

ಅವನ ಕಣ್ಣು ನೆಟ್ಟಗೆ ತನ್ನ ಉಗ್ರಾಣದ ಬಾಗಿಲಿಗೆ ಹೋಗಿ ನಿಂತಿತು.